ಸೈಟ್ ನೋಡೋಕೆ ಬಂದವರು

ಶರಾವತಿ ಹಿನ್ನೀರಿನಲ್ಲಿ ಲಾಂಚ್ ದಾಟಿ ವಾಪಸ್ ಬರುವ ದಿನ ಗೂಗಲ್ ಮ್ಯಾಪ್ ಹೇಳುವ ಟೈಮನ್ನು ನಂಬೋ ಹಾಗಿಲ್ಲ. ಕಳಸವಳ್ಳಿ ದಡದಲ್ಲಿ ನಿಮ್ಮ ಮುಂದೆ ಹತ್ತು ಕಾರು, ಎರಡು ಟಿಟಿ, ಒಂದು ಬಸ್ಸು ನಿಂತಿದ್ದರೆ ಆ ದಿನದ ಲೆಕ್ಕವೆಲ್ಲ ಅಲ್ಲಿಗೇ ಬದಲಾಯಿತು. ಲಾಂಚ್ ಬರುತ್ತೆ, ಖಾಲಿಯಾಗುತ್ತೆ, ತುಂಬುತ್ತೆ, ಹೋಗುತ್ತೆ. ನಾವು ನೀರು ನೋಡ್ತಾ ಮಂಡಕ್ಕಿ ತಿನ್ನೋದು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಕರೂರು ಸೀಮೆಯ ಹಳ್ಳಿಗಳಿಗೆ ಸಾಗರ ಪೇಟೆ ದೂರವಾಯಿತು. ಆಸ್ಪತ್ರೆ, ಕಾಲೇಜು, ಕೋರ್ಟು ಎಲ್ಲದಕ್ಕೂ ಲಾಂಚ್ ಹತ್ತಬೇಕಿತ್ತು. ಸಂಜೆ ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದರೆ ಏನು ಗತಿ ಅಂತ ಅಲ್ಲಿಯವರು ಎರಡು ತಲೆಮಾರು ಕೇಳಿಕೊಂಡು ಬಂದರು. 2025ರ ಜುಲೈ 14ರಂದು ಅಂಬಾರಗೊಡ್ಲು–ಕಳಸವಳ್ಳಿ ನಡುವೆ 2.44 ಕಿ.ಮೀ. ಸೇತುವೆ ಉದ್ಘಾಟನೆಯಾಯಿತು. ಈಗ ಸಿಗಂದೂರಿಗೆ ಹೋಗುವವರು ಕಾರಿಂದ ಇಳಿಯದೆ ಐದು ನಿಮಿಷದಲ್ಲಿ ನೀರು ದಾಟುತ್ತಾರೆ. ನಾವು ಹೋಗಿದ್ದು ಅದಕ್ಕೆ ಮುಂಚಿನ ಚಳಿಗಾಲ, 2024ರ ಡಿಸೆಂಬರ್. ಸೇತುವೆಯ ಕಂಬಗಳು ಪಕ್ಕದಲ್ಲೇ ಎದ್ದು ನಿಂತಿದ್ದವು. ಲಾಂಚಿನಲ್ಲಿ ನಿಂತು ಸೇತುವೆ ಫೋಟೋ ತೆಗೆಯುವವರೇ ಜಾಸ್ತಿ ಇದ್ದರು.

ನಾನು, ಹೆಂಡತಿ, ಬಾಮೈದ, ಮೂರು ವರ್ಷದ ಮಗಳು. ತುಮರಿ ಕಡೆ ಎರಡು ರಾತ್ರಿ ಹೋಂಸ್ಟೇನಲ್ಲಿ ಇದ್ದೆವು. ಡಿಕ್ಕಿಯಲ್ಲಿ ನಾಲ್ಕು ಜನರ ಟೆಂಟ್ ಇತ್ತು, ಮಗಳಿಗೆ ಅದರ ಮೇಲೇ ಕಣ್ಣು. 'ಇವತ್ತು ಟೆಂಟಾ?' ಅಂತ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದಳು. ಆದರೆ ಹಿನ್ನೀರಿನ ಸುತ್ತ ಬಹುಪಾಲು ಶರಾವತಿ ಕಣಿವೆ ಅಭಯಾರಣ್ಯ. ದಡ ಎಷ್ಟೇ ಚೆನ್ನಾಗಿದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಟೆಂಟ್ ಹಾಕೋ ಹಾಗಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಬೇಕಾದಷ್ಟು ಜನ ಹಾಕಿದ್ದಾರಲ್ಲ ಅಂತ ಬಾಮೈದ ವಾದಿಸಿದ. ಹಾಕಿದ್ದಾರೆ, ನಿಜ. ರಾತ್ರಿ ಹನ್ನೊಂದಕ್ಕೆ ಗಾರ್ಡ್ ಬಂದು ಎಬ್ಬಿಸಿದ ರೀಲ್ಸ್ ಮಾತ್ರ ಯಾರೂ ಹಾಕಿಲ್ಲ.

ಲಾಂಚ್ ದಾಟಿ ಬೆಂಗಳೂರು ತಲುಪೋಕೆ ಸುಮಾರು 400 ಕಿ.ಮೀ. ಚಿಕ್ಕ ಮಗು ಇಟ್ಟುಕೊಂಡು ಒಂದೇ ಓಟದಲ್ಲಿ ಹೋಗುವುದು ಬೇಡ, ದಾರಿಯಲ್ಲಿ ಒಂದು ರಾತ್ರಿ ನಿಲ್ಲೋಣ ಅಂತ ಮೊದಲೇ ತೀರ್ಮಾನವಾಗಿತ್ತು. ಎಲ್ಲಿ ಅನ್ನೋದೇ ಪ್ರಶ್ನೆ. ಬಿ.ಎಚ್. ರಸ್ತೆ, ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ, ಸಾಗರದಿಂದ ಶಿವಮೊಗ್ಗ, ಭದ್ರಾವತಿ, ತರೀಕೆರೆ, ಬೀರೂರು, ಕಡೂರು, ಅರಸೀಕೆರೆ ದಾಟಿ ತಿಪಟೂರಿಗೆ ಬರುತ್ತೆ. ಮಲೆನಾಡು ತರೀಕೆರೆಯ ಹತ್ತಿರ ಕೈ ಬಿಡುತ್ತೆ. ಕಡೂರಿನ ಬಯಲಲ್ಲಿ ಮಧ್ಯಾಹ್ನದ ಬಿಸಿಲು ಡಿಸೆಂಬರಿನಲ್ಲೂ ಕಣ್ಣು ಚುಚ್ಚುತ್ತೆ. ಅರಸೀಕೆರೆ ಸಮೀಪಿಸಿದ ಹಾಗೆ ಎರಡೂ ಬದಿಗೆ ತೆಂಗು ಶುರುವಾಗುತ್ತೆ. ಆಮೇಲೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಪೂರ್ತಿ ಅದೇ. ಕಲ್ಪತರು ನಾಡು ಅನ್ನೋ ಹೆಸರು ಬಸ್ಸಿನ ಹಿಂದೆ, ಬ್ಯಾಂಕಿನ ಮೇಲೆ, ಕಾಲೇಜಿನ ಗೇಟಿನಲ್ಲಿ, ಎಲ್ಲ ಕಡೆ ಕಾಣಿಸುತ್ತೆ. ಬೆಂಗಳೂರಿಗೆ ಇಲ್ಲಿಂದ ಇನ್ನು ಸುಮಾರು 140 ಕಿ.ಮೀ., ಮಾರನೇ ದಿನಕ್ಕೆ ಆರಾಮ.

ಬೆಳಿಗ್ಗೆಯ ಲಾಂಚಿನಲ್ಲೇ ದಾಟಿದ್ದರಿಂದ ನಾಲ್ಕು ಗಂಟೆಗೆ ಅರಸೀಕೆರೆ ಬಿಟ್ಟಿದ್ದೆವು. ಡಿಸೆಂಬರಿನಲ್ಲಿ ಆರು ಗಂಟೆಗೆ ಸೂರ್ಯ ಮುಳುಗುತ್ತೆ. ಜಾಗ ಹುಡುಕೋಕೆ ಉಳಿದಿದ್ದು ಒಂದೂವರೆ ಗಂಟೆ. ಗೊತ್ತಿಲ್ಲದ ಊರಲ್ಲಿ ಕತ್ತಲಾದ ಮೇಲೆ ಯಾರದೋ ತೋಟದ ಗೇಟ್ ತಟ್ಟೋದು ಒಳ್ಳೆ ಲಕ್ಷಣ ಅಲ್ಲ. ತಟ್ಟುವವರಿಗಿಂತ ಒಳಗಿರುವವರಿಗೆ ಅದು ಹೆಚ್ಚು ಕಷ್ಟ.

ಮೊದಲು ಮನಸ್ಸಿನಲ್ಲಿದ್ದದ್ದು ಅರಳಗುಪ್ಪೆ. ಒಂಬತ್ತನೇ ಶತಮಾನದ ಕಲ್ಲೇಶ್ವರ ದೇವಸ್ಥಾನದ ಒಳಛಾವಣಿಯಲ್ಲಿ ಕುಣಿಯುವ ಶಿವ, ಅವನ ಸುತ್ತ ದಿಕ್ಪಾಲಕರು. ಕತ್ತೆತ್ತಿ ನೋಡ್ತಾ ನಿಂತರೆ ಕತ್ತು ನೋಯುವುದೂ ಗೊತ್ತಾಗಲ್ಲ. ಪಕ್ಕದಲ್ಲೇ ಹೊಯ್ಸಳರ ಕಾಲದ ಚೆನ್ನಕೇಶವ. ನೋಡೋಕೆ ಸರಿ, ಮಲಗೋಕೆ ಅಲ್ಲ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಟೆಂಟ್ ಹಾಕೋ ಯೋಚನೆಯೇ ತಪ್ಪು. ಊರ ನಡುವೆ ಕಾರು ನಿಲ್ಲಿಸಿ ಮಲಗಿದರೆ ಇಡೀ ಊರು ಬೆಳಗಿನವರೆಗೆ ನಮ್ಮನ್ನು ಕಾಯಬೇಕು.

ಎರಡನೆಯದು ಹತ್ಯಾಳು ಬೆಟ್ಟ. ನರಸಿಂಹಸ್ವಾಮಿಯ ಬೆಟ್ಟ, ಮೇಲಿಂದ ನೋಡಿದರೆ ಸುತ್ತ ತೆಂಗಿನ ತಲೆಗಳು ಹಸಿರು ಕಂಬಳಿ ಹಾಸಿದ ಹಾಗೆ. ಬಾಮೈದನಿಗೆ ಸೂರ್ಯೋದಯದ ಡ್ರೋನ್ ಶಾಟ್ ಬೇಕಿತ್ತು. ಆದರೆ ಈ ಸೀಮೆಯ ಬೆಟ್ಟ ಗುಡ್ಡಗಳಲ್ಲಿ ಚಿರತೆ ಇರೋದು ಕಥೆಯಲ್ಲ. 2019ರ ಕೊನೆಯಿಂದ 2020ರ ಶುರುವಿನವರೆಗೆ ಗುಬ್ಬಿ, ತುಮಕೂರು, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಜನ ಸತ್ತಿದ್ದರು, ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು. ಆಗ ಪೇಪರಿನಲ್ಲಿ ಓದಿ ಮರೆತದ್ದು, ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಮಾಡ್ತಿರುವಾಗ ಚೆನ್ನಾಗಿ ನೆನಪಿಗೆ ಬಂತು. ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಸಾಲು, ಮದಲಿಂಗನ ಕಣಿವೆ, ಅಲ್ಲಿ ಚಿರತೆ ಜತೆಗೆ ಕರಡಿ. ಬೋರನಕಣಿವೆ ಜಲಾಶಯ ಅಂತ ಹೆಂಡತಿ ಮ್ಯಾಪಿನಲ್ಲಿ ತೋರಿಸಿದಳು. ನೀರು ಚೆನ್ನಾಗಿ ಕಾಣ್ತಿತ್ತು. ಹುಳಿಯಾರಿನ ಆಚೆ ಅದು, ಕತ್ತಲಾಗುವ ಮೊದಲು ತಲುಪೋದು ಸಾಧ್ಯವಿರಲಿಲ್ಲ.

ಉಳಿದಿದ್ದು ನೊಣವಿನಕೆರೆ. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ ಸಿಗುವ ದೊಡ್ಡ ಕೆರೆ. ಹೇಮಾವತಿ ನಾಲೆಯ ನೀರು ಬಂದ ವರ್ಷ ತುಂಬಿ ತುಳುಕುತ್ತೆ. ಸಂಜೆ ಬಿಸಿಲಿಗೆ ಬೆಳ್ಳಕ್ಕಿ ಸಾಲಾಗಿ ಮರಳುತ್ತಿದ್ದವು. ಏರಿ ಮೇಲೆ ಇಳಿದು ನೋಡಿದೆವು. ಕೆರೆ ಏರಿ ಅನ್ನೋದು ಕ್ಯಾಂಪಿಂಗ್ ಜಾಗ ಅಲ್ಲ, ರಸ್ತೆ. ರಾತ್ರಿ ಟ್ರ್ಯಾಕ್ಟರ್ ಬರುತ್ತೆ, ಬೈಕ್ ಬರುತ್ತೆ, ಎಣ್ಣೆ ಪಾರ್ಟಿಯವರು ಬರುತ್ತಾರೆ. ಕಲ್ಲಿನ ಸಂದಿಯಲ್ಲಿದ್ದ ಒಡೆದ ಬಾಟಲಿಗಳೇ ಸಾಕ್ಷಿ. ಕೆಳಗೆ ಕೆರೆ ಅಂಗಳದ ಮಣ್ಣು ಮೇಲೆ ಒಣಗಿದ ಹಾಗೆ ಕಂಡರೂ ಕಾಲಿಟ್ಟರೆ ಹೂತುಹೋಗುತ್ತೆ. ಅದರ ಮೇಲೆ ಸೊಳ್ಳೆ. ಹತ್ತು ನಿಮಿಷಕ್ಕೆ ವಾಪಸ್ ಕಾರು ಹತ್ತಿದೆವು.

ಹೀಗೆ ಒಂದೊಂದೇ ಬಿಡ್ತಾ ಬಂದ ಮೇಲೆ ಉಳಿಯೋದು ತೋಟ. ತೆಂಗಿನ ತೋಟದಲ್ಲಿ ಟೆಂಟ್ ಅಂದರೆ ಕೇಳೋಕೇ ಚೆಂದ. ನೆರಳು, ನೀರು, ಸಮತಟ್ಟು ನೆಲ, ಹತ್ತಿರದಲ್ಲಿ ಮನೆ. ಮುಖ್ಯ ರಸ್ತೆ ಬಿಟ್ಟು ಒಂದೂವರೆ ಕಿಲೋಮೀಟರ್ ಒಳಗೆ ಹೋದ ಮೇಲೆ ಒಂದು ತೋಟದ ಮನೆ ಮುಂದೆ ಎಪ್ಪತ್ತರ ಆಸುಪಾಸಿನ ಯಜಮಾನರೊಬ್ಬರು ಹಸುವಿಗೆ ಮೇವು ಹಾಕ್ತಾ ನಿಂತಿದ್ದರು. ಬಾಮೈದ ಇಳಿದು ನಮಸ್ಕಾರ ಮಾಡಿ, ಬಹಳ ವಿನಯದಿಂದ ಹೇಳಿದ, 'ಯಜಮಾನ್ರೆ, ಇಲ್ಲಿ ಹತ್ತಿರದಲ್ಲಿ ಒಂದು ಒಳ್ಳೆ ಸೈಟ್ ನೋಡ್ತಾ ಇದೀವಿ.'

ಅವರು ಕೈಯಲ್ಲಿದ್ದ ಮೇವನ್ನು ಅಲ್ಲೇ ಬಿಟ್ಟರು.

'ಇಲ್ಲಿ ಯಾವ್ದೂ ಮಾರಾಟಕ್ಕಿಲ್ಲ ಕಣಪ್ಪ. ಮುಂದಕ್ಕೆ ನಡೀರಿ.'

ಬೆಂಗಳೂರು ನಂಬರಿನ ಬಿಳಿ ಕಾರು, ಪ್ಯಾಂಟು ಹಾಕಿದ ಹುಡುಗರು, ಬಾಯಲ್ಲಿ ಸೈಟು. ಅವರು ಇನ್ನೇನು ಅಂದುಕೊಳ್ಳಬೇಕು? ಕನ್ನಡದಲ್ಲಿ ಸೈಟ್ ಅಂದರೆ ಮೂವತ್ತು ನಲವತ್ತು, ಕಾರ್ನರ್ ಸೈಟು, ಪೂರ್ವ ದಿಕ್ಕು, ಖಾತೆ. ರಸ್ತೆ ಅಗಲವಾಗುತ್ತಿರುವ ಕಡೆಯಲ್ಲೆಲ್ಲ ತೋಟದ ಅಂಚಿಗೆ ಬಣ್ಣದ ಬಾವುಟ, ಕಲ್ಲುಕಂಬ ನೆಟ್ಟ ಬಡಾವಣೆಗಳು ನಮಗೂ ದಾರಿಯುದ್ದಕ್ಕೂ ಸಿಕ್ಕಿದ್ದವು. ವಾರಕ್ಕೆ ಇಬ್ಬರಾದರೂ ಬ್ರೋಕರ್‌ಗಳು ಬರುತ್ತಾರೆ ಅಂತ ಆಮೇಲೆ ಅವರೇ ಹೇಳಿದರು. ಮೊದಲು ಎಳನೀರು ಕೇಳುತ್ತಾರಂತೆ, ಆಮೇಲೆ ಎಷ್ಟು ಎಕರೆ ಅಂತ ಕೇಳುತ್ತಾರಂತೆ.

ಹೆಂಡತಿ ಮಗಳನ್ನು ಎತ್ತಿಕೊಂಡು ಇಳಿದಳು. 'ಜಾಗ ಕೊಳ್ಳೋಕಲ್ಲ ಅಪ್ಪಾಜಿ, ಒಂದು ರಾತ್ರಿ ಮಲಗೋಕೆ. ಟೆಂಟ್ ಇದೆ ನಮ್ಮತ್ರ. ಬೆಳಿಗ್ಗೆ ಎದ್ದು ಹೋಗ್ತೀವಿ' ಅಂದಳು. ಅವರು ಮಗು ಮುಖ ನೋಡಿದರು, ಕಾರಿನ ನಂಬರ್ ನೋಡಿದರು, ಮತ್ತೆ ಮಗು ಮುಖ ನೋಡಿದರು. ಒಳಗಿಂದ ಅಜ್ಜಿ ಬಂದರು. 'ಯಾರಂತೆ?' 'ಮಲ್ಗಕ್ಕೆ ಜಾಗ ಬೇಕಂತೆ.' 'ಲಾಡ್ಜು ಇಲ್ವಾ ತಿಪ್ಟೂರಲ್ಲಿ?' ನ್ಯಾಯವಾದ ಪ್ರಶ್ನೆ. ಲಾಡ್ಜುಗಳು ಇವೆ, ಚೆನ್ನಾಗೇ ಇವೆ. ಮಗಳು ಟೆಂಟು ಅಂತ ಜೋರಾಗಿ ಹೇಳಿದ್ದೇ ಅದಕ್ಕೆ ಉತ್ತರವಾಯಿತು.

ಯಜಮಾನರು ನನ್ನ ಆಧಾರ್ ಕಾರ್ಡ್ ಕೇಳಿದರು. ಫೋನಿನಲ್ಲಿ ತೋರಿಸಿದೆ. ಕಾರ್ಡಿನದೂ ಕಾರಿನದೂ ಫೋಟೋ ತೆಗೆದು ಬೆಂಗಳೂರಲ್ಲಿರುವ ಮಗನಿಗೆ ವಾಟ್ಸಾಪ್ ಮಾಡಿದರು. ನನಗೆ ಇದು ಬಹಳ ಸರಿ ಅನ್ನಿಸಿತು. ತೋಟದ ಮನೆಗಳಲ್ಲಿ ವಯಸ್ಸಾದವರಿಬ್ಬರೇ ಇರುವ ಕಡೆ ಗುರುತಿಲ್ಲದವರನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳಬಾರದು. ನೀವು ಇಂಥ ಕಡೆ ಜಾಗ ಕೇಳುವುದಾದರೆ ಅವರು ಕೇಳುವ ಮುಂಚೆಯೇ ಗುರುತಿನ ಚೀಟಿ ತೋರಿಸಿ. ಅದರಿಂದ ಅರ್ಧ ಕೆಲಸ ಮುಗಿಯುತ್ತೆ.

ಇನ್ನು ಜಾಗ. ನಾನು ತೋಟದ ಒಳಗೆ ಕಣ್ಣು ಹಾಯಿಸಿ ಲೆಕ್ಕ ಹಾಕ್ತಿದ್ದೆ. ಮರದಿಂದ ಮರಕ್ಕೆ ಮೂವತ್ತು ಅಡಿ, ಚೌಕಾಕಾರದ ಸಾಲು. ನಾಲ್ಕು ಮರದ ನಟ್ಟನಡುವೆ ನಿಂತರೆ ಪ್ರತಿ ಬೊಡ್ಡೆಯಿಂದಲೂ 21 ಅಡಿ. ಒಂದು ಗರಿ ಹದಿನೈದರಿಂದ ಹದಿನೆಂಟು ಅಡಿ ಉದ್ದ. ಕಾಯಿ ನೇರ ಕೆಳಗೆ ಬೀಳುತ್ತೆ. ಪೇಪರ್ ಮೇಲೆ ಮಧ್ಯದಲ್ಲಿ ಒಂದು ಟೆಂಟ್ ಹಿಡಿಯೋವಷ್ಟು ಜಾಗ ಉಳಿಯುತ್ತೆ. ಹಾಗಂತ ಯಜಮಾನರಿಗೆ ಹೇಳಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡು, ಮರಗಳ ಕಡೆ ಕೈ ತೋರಿಸಿದರು. ನೇರ ನಿಂತ ಮರ ಎಷ್ಟಿದ್ದಾವೆ ನೋಡಿ ಅಂದರು. ಅರವತ್ತು ವರ್ಷದ ಮರಗಳು. ಬೆಳಕಿಗಾಗಿ ಒಂದು ಈ ಕಡೆ ಬಾಗಿದೆ, ಇನ್ನೊಂದು ಆ ಕಡೆ. ಬೊಡ್ಡೆ ಎಲ್ಲೋ, ತಲೆ ಎಲ್ಲೋ.

'ಕಾಯಿಗೆ ಕಣ್ಣೈತೆ, ಜನರ ತಲೆ ಮೇಲೆ ಬೀಳಲ್ಲ ಅಂತಾರಲ್ಲ' ಅಂತ ಬಾಮೈದ ಕೇಳಿದ, ಆ ಕಡೆಯ ಮಾತನ್ನೇ ಅನುಕರಿಸುತ್ತಾ.

'ಕಾಯಿಗೆ ಕಣ್ಣೈತೆ ಸ್ವಾಮಿ. ಗರಿಗೆ ಎಲ್ಲೈತೆ?'

ತೆಂಗಿನ ಮರ ಹೆಚ್ಚುಕಮ್ಮಿ ತಿಂಗಳಿಗೊಂದು ಹೊಸ ಗರಿ ಬಿಡುತ್ತೆ, ಅಷ್ಟೇ ಲೆಕ್ಕದಲ್ಲಿ ಹಳೆಯದು ಉದುರುತ್ತೆ. ಒಂದು ಮರಕ್ಕೆ ವರ್ಷಕ್ಕೆ ಹನ್ನೆರಡು. ಇನ್ನೂರು ಮರದ ತೋಟದಲ್ಲಿ ವರ್ಷಕ್ಕೆ 2400 ಗರಿ, ಅಂದರೆ ದಿನಕ್ಕೆ ಆರೇಳು. ಆ ರಾತ್ರಿಯೂ ಎಲ್ಲೋ ಎರಡು ಮೂರು ಬೀಳಲೇಬೇಕು. ಅರವತ್ತು ಅಡಿ ಮೇಲಿಂದ ಬರುವ ಒಣಗರಿಯ ಬುಡ ಮರದ ದಿಮ್ಮಿಯಷ್ಟೇ ಗಟ್ಟಿ. ಗಾಳಿ ಇದ್ದರೆ ಅದು ನೇರವೂ ಬೀಳಲ್ಲ. ಟೆಂಟಿನ ನೈಲಾನ್ ಬಟ್ಟೆ ಅದನ್ನು ತಡೆಯುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಎರಡನೇ ಕಾರಣ ನೀರು. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಪಾಳಿ ಪ್ರಕಾರ ಬರುತ್ತೆ, ಆ ವಾರ ಅವರಿಗೆ ರಾತ್ರಿ ಪಾಳಿ. ಆಟೋ ಸ್ಟಾರ್ಟರ್ ಇದೆ. ಕರೆಂಟ್ ಬಂದ ತಕ್ಷಣ ಮೋಟಾರ್ ತಾನೇ ಶುರುವಾಗುತ್ತೆ, ಕೊಳವೆ ಬಾವಿ ನೀರು ಕಾಲುವೆ ಹಿಡಿದು ಪಾತಿಯಿಂದ ಪಾತಿಗೆ ಹರಿಯುತ್ತೆ. ಸಂಜೆ ಒಣಗಿದ್ದ ನೆಲ ರಾತ್ರಿ ಎರಡು ಗಂಟೆಗೆ ಗದ್ದೆ. ಹನಿ ನೀರಾವರಿ ಇರುವ ತೋಟಗಳಲ್ಲಿ ಈ ತೊಂದರೆ ಕಡಿಮೆ, ಆದರೆ ಕತ್ತಲಲ್ಲಿ ಟೆಂಟಿನ ಮೊಳೆ ಪೈಪಿಗೆ ಹೊಡೆದರೆ ಅವರಿಗೆ ನಷ್ಟ.

ಮೂರನೆಯದು ಮಟ್ಟೆ ರಾಶಿ. ಸುಲಿದ ಕಾಯಿಯ ಮಟ್ಟೆ ಪ್ರತಿ ತೋಟದಲ್ಲೂ ಗುಡ್ಡೆ ಬಿದ್ದಿರುತ್ತೆ. ಹಾವು, ಚೇಳಿಗೆ ಅದಕ್ಕಿಂತ ಒಳ್ಳೆ ಮನೆ ಬೇರೆ ಇಲ್ಲ. ಗೊಬ್ಬರದ ಗುಂಡಿ ಹತ್ತಿರವೂ ಬೇಡ ಅಂದರು. ಅಲ್ಲಿ ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ ಬೆಳೆಯುತ್ತೆ. ಅದು ಕಚ್ಚಲ್ಲ, ಟಾರ್ಚ್ ಬೆಳಕಿಗೆ ಹಾರಿ ಬಂದು ಟೆಂಟಿಗೆ ಡಿಕ್ಕಿ ಹೊಡೆದರೆ ಮಾತ್ರ ಮಗು ಹೆದರುತ್ತೆ. ದುಂಬಿಯ ಮಾತು ಬಂದಾಗ ಅವರು ಸ್ವಲ್ಪ ಹೊತ್ತು ಅಲ್ಲೇ ನಿಂತರು. ಒಂದು ಮರದ ಸುಳಿ ತೋರಿಸಿದರು, ಗರಿಗಳು ಕತ್ತರಿಯಿಂದ ಕತ್ತರಿಸಿದ ಹಾಗೆ ವಿ ಆಕಾರದಲ್ಲಿದ್ದವು. ಇನ್ನೊಂದರ ಬೊಡ್ಡೆಯಿಂದ ಕಂದು ರಸ ಸೋರಿ ಒಣಗಿತ್ತು. ನುಸಿ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ ಎಲ್ಲವನ್ನೂ ಅವರು ನೆಂಟರ ಹೆಸರು ಹೇಳುವ ಹಾಗೆ ಹೇಳಿದರು.

ಕೊನೆಗೆ ಅವರು ತೋರಿಸಿದ ಜಾಗ ಕಣ. ಮನೆಗೂ ರಾಗಿ ಹೊಲಕ್ಕೂ ನಡುವೆ, ಸಗಣಿ ಬಳಿದು ಗಟ್ಟಿ ಮಾಡಿದ ನೆಲ. ತಲೆ ಮೇಲೆ ಆಕಾಶ ಬಿಟ್ಟು ಇನ್ನೇನಿಲ್ಲ. ಹತ್ತಿರದ ತೆಂಗಿನ ಮರ ಐವತ್ತು ಅಡಿ ಆಚೆ. ರಾಗಿ ಕುಯ್ದು ಮೆದೆ ಒಟ್ಟಿದ್ದರು. ಮೆದೆಯಲ್ಲಿ ಇಲಿ, ಇಲಿಯ ಹಿಂದೆ ಹಾವು, ಅದಕ್ಕೇ ಮೆದೆಯಿಂದ ಇಪ್ಪತ್ತು ಹೆಜ್ಜೆ ದೂರ ಅಂತ ಅವರೇ ಅಳೆದು ಕೊಟ್ಟರು. ಮನೆಯ ಬಲ್ಬಿನ ಬೆಳಕು ಟೆಂಟಿನ ಬಾಗಿಲಿಗೆ ಬೀಳುತ್ತಿತ್ತು. ಬಲ್ಬ್ ರಾತ್ರಿಯೆಲ್ಲ ಉರಿಯಲಿ ಅಂದರು. ಹಿಂದಿನ ತಿಂಗಳು ಪಕ್ಕದ ತೋಟದ ನಾಯಿ ಕಾಣೆಯಾಗಿತ್ತಂತೆ. ಯಾರು ಹೊತ್ತುಕೊಂಡು ಹೋದರು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಮಗು ಎದುರಿಗಿತ್ತು.

ಅಲ್ಲಿ ಅಜ್ಜಿ ಒಂದು ಷರತ್ತು ಹಾಕಿದರು. 'ನೀವು ಎಲ್ಲಾರ ಮಲಗ್ರಪ್ಪ. ಕೂಸು ಮಾತ್ರ ಒಳಗೆ.' ಹೆಂಡತಿ ನನ್ನ ಮುಖ ನೋಡಿದಳು. ಮೂರು ದಿನದಿಂದ ಟೆಂಟು ಟೆಂಟು ಅನ್ನುತ್ತಿದ್ದ ಮಗಳಿಗೆ ಏನು ಹೇಳೋದು? ಎಂಟು ಗಂಟೆವರೆಗೆ ಟೆಂಟಿನಲ್ಲಿ ಆಟ, ನಿದ್ದೆ ಬಂದ ಮೇಲೆ ಎತ್ತಿಕೊಂಡು ಹೋಗಿ ಒಳಗೆ ಮಲಗಿಸೋದು ಅಂತ ರಾಜಿಯಾಯಿತು. ನಾನು ಅಜ್ಜಿ ಜೊತೆ ವಾದ ಮಾಡಲಿಲ್ಲ. ಆ ನೆಲದಲ್ಲಿ ಐವತ್ತು ವರ್ಷ ಮಲಗಿದವರು ಮಗು ಒಳಗಿರಲಿ ಅಂದರೆ ಅದಕ್ಕೆ ಮೇಲೆ ರಿವ್ಯೂ ಹುಡುಕುವ ಅಗತ್ಯ ಇಲ್ಲ.

ಊಟಕ್ಕೆ ನಮ್ಮ ಸ್ಟೌ ಹೊರಗೆ ತೆಗೆಯೋಕೆ ಬಿಡಲಿಲ್ಲ. ಅವರೆಕಾಯಿ ಕಾಲ. ಅವರೆಕಾಳು ಸಾರು, ಮುದ್ದೆ, ಮೇಲೆ ತುಪ್ಪ. ಬಾಮೈದ ಮುದ್ದೆ ಅಗಿದು ತಿನ್ನೋದು ನೋಡಿ ಅಜ್ಜಿಗೆ ನಗು ತಡೆಯಲಿಲ್ಲ. ನುಂಗಪ್ಪ, ನುಂಗು ಅಂತ ಮೂರು ಸಲ ಹೇಳಿಕೊಟ್ಟರು.

ಊಟ ಆದ ಮೇಲೆ ಯಜಮಾನರು ಅಟ್ಟ ತೋರಿಸಿದರು. ಈ ಸೀಮೆಗೆ ಬಂದವರು ಇದನ್ನು ನೋಡದೆ ಹೋಗಬಾರದು ಅನ್ನೋದು ನನ್ನ ಅಭಿಪ್ರಾಯ. ಕೇರಳದಲ್ಲಿ ಕಾಯಿ ಒಡೆದು ಹೋಳು ಮಾಡಿ ಒಣಗಿಸುತ್ತಾರೆ, ಅದು ಎಣ್ಣೆಗೆ. ಇಲ್ಲಿ ಒಡೆಯಲ್ಲ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ, ಗಾಳಿ ಆಡೋ ಹಾಗೆ ಬಿಟ್ಟು, ಹತ್ತಿರ ಹತ್ತಿರ ಒಂದು ವರ್ಷ ಕಾಯುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತೆ, ತಿರುಳು ಒಣಗಿ ಚಿಪ್ಪಿನಿಂದ ಬಿಡುತ್ತೆ. ಅದೇ ಉಂಡೆ ಕೊಬ್ಬರಿ, ಇಲ್ಲಿಯವರ ಬಾಯಲ್ಲಿ ಗಿಟುಕು. ಅವರು ಒಂದು ಕಾಯಿ ಎತ್ತಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು, ಲೊಟಕ್ ಲೊಟಕ್ ಅಂತು. ನೀರಿದೆ, ಇನ್ನೂ ಆಗಿಲ್ಲ. ಇನ್ನೊಂದು ಎತ್ತಿದರು, ಒಳಗೆ ಗೋಲಿ ಉರುಳಿದ ಹಾಗೆ ಗಟಗಟ ಸದ್ದು. ಇದು ಆಗಿದೆ. ಚಿಪ್ಪು ಒಡೆಯುವಾಗ ಉಂಡೆಗೆ ಏಟು ಬೀಳಬಾರದು, ಬಿದ್ದರೆ ರೇಟು ಹೋಯಿತು. ತಿಪಟೂರು ಎಪಿಎಂಸಿಯಿಂದ ಈ ಉಂಡೆಗಳು ಉತ್ತರ ಭಾರತಕ್ಕೆ ಹೋಗುತ್ತವೆ. ಅಲ್ಲಿಯ ಪೂಜೆ, ಮದುವೆ, ಮಿಠಾಯಿಗೆ ಇಲ್ಲಿಯ ಅಟ್ಟ ಆಧಾರ.

ಅಟ್ಟ ತುಂಬಿತ್ತು. ಯಾಕೆ ಮಾರಿಲ್ಲ ಅಂತ ಕೇಳಿದೆ. 2023ರ ಮಾತು ತೆಗೆದರು. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ, ಮಾರುಕಟ್ಟೆಯಲ್ಲಿ ಸಿಗುತ್ತಿದ್ದದ್ದು 8,000ದ ಆಸುಪಾಸು. ತಿಪಟೂರಿನಲ್ಲಿ ರೈತರು ಧರಣಿ ಕೂತರು. ಅಷ್ಟಕ್ಕೆ ಕೊಟ್ಟು ಬಂದವರಲ್ಲಿ ಇವರೂ ಒಬ್ಬರು. ಮೊಮ್ಮಗಳ ಕಾಲೇಜು ಫೀಸು ಕಟ್ಟಬೇಕಿತ್ತು, ಕಾಯೋಕೆ ಆಗಲಿಲ್ಲ. 2024ರಲ್ಲಿ ಬೆಲೆ ಏರುತ್ತಾ ಬಂದಾಗ ಈ ಸಲ ಅವಸರ ಬೇಡ ಅಂತ ಗಂಡ ಹೆಂಡತಿ ತೀರ್ಮಾನ ಮಾಡಿದ್ದರು. ಅದಕ್ಕೇ ರಾತ್ರಿ ಹೊತ್ತು ಗುರುತಿಲ್ಲದ ಕಾರು ಬಂದರೆ ಅವರಿಗೆ ಎರಡು ಭಯ, ಒಂದು ನೆಲ ಕೇಳುವವರು, ಇನ್ನೊಂದು ಅಟ್ಟಕ್ಕೆ ಕೈ ಹಾಕುವವರು. ನಮ್ಮನ್ನು ಒಳಗೆ ಕರೆದು ಅದೇ ಅಟ್ಟ ತೋರಿಸಿದ್ದು ಎಷ್ಟು ದೊಡ್ಡ ವಿಷಯ ಅಂತ ಏಣಿ ಇಳಿಯುವಾಗ ಹೆಂಡತಿ ಮೆಲ್ಲಗೆ ಹೇಳಿದಳು. (2025ರ ಮಧ್ಯಭಾಗದಲ್ಲಿ ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 25,000 ದಾಟಿದ ಸುದ್ದಿ ಓದಿದ ದಿನ ನಾನು ಆಫೀಸಿನ ಕ್ಯಾಂಟೀನಿನಿಂದಲೇ ಫೋನ್ ಮಾಡಿದೆ. ಅರ್ಧ ಅಟ್ಟ ಉಳಿಸಿಕೊಂಡಿದ್ದರಂತೆ.)

ರಾತ್ರಿ ಟೆಂಟಿನಲ್ಲಿ ನಾನೂ ಬಾಮೈದನೂ. ಚಳಿ ಚೆನ್ನಾಗೇ ಇತ್ತು. ದೂರದಲ್ಲಿ ಬೆಂಗಳೂರು–ಅರಸೀಕೆರೆ ಲೈನಿನ ರೈಲುಗಳ ಸದ್ದು, ಹತ್ತಿರದಲ್ಲಿ ಹಸುವಿನ ಉಸಿರು. ಒಂದು ಗಂಟೆ ಹೊತ್ತಿಗೆ ತೋಟದೊಳಗಿಂದ ಸರ್ರ್ ಅಂತ ಎಳೆದ ಸದ್ದು ಬಂದು, ಆಮೇಲೆ ಧೊಪ್. ಗರಿ. ಬಾಮೈದ ಎದ್ದು ಕೂತ. ಅದಾದ ಸ್ವಲ್ಪ ಹೊತ್ತಿಗೆ ಮೋಟಾರ್ ಶುರುವಾಯಿತು. ಯಜಮಾನರು ಕಂಬಳಿ ಹೊದ್ದು ಟಾರ್ಚ್ ಹಿಡಿದು ತೋಟಕ್ಕೆ ಹೋಗುವುದು ಕಂಡಿತು. ನಾವೂ ಹೋಗೋಣ ಅಂತ ಎದ್ದೆವು. ಬರಬೇಡಿ ಅಂತ ಕೈ ಮಾಡಿದರು, ಆದರೂ ಹೋದೆವು. ಒಂದು ಪಾತಿ ತುಂಬಿದ ಮೇಲೆ ಮಣ್ಣು ಎಳೆದು ಬಾಯಿ ಕಟ್ಟಿ, ಮುಂದಿನ ಪಾತಿಗೆ ದಾರಿ ಬಿಡಬೇಕು. ಹೆಚ್ಚು ಹೊತ್ತು ಬಿಟ್ಟರೆ ನೀರು ದಂಡ, ಕಡಿಮೆಯಾದರೆ ಮರಕ್ಕೆ ಸಾಲದು. ಎಪ್ಪತ್ತರ ಮನುಷ್ಯ ಇದನ್ನು ರಾತ್ರಿ ಒಂದರಿಂದ ನಾಲ್ಕರವರೆಗೆ, ಬರಿಗಾಲಲ್ಲಿ, ವಾರಗಟ್ಟಲೆ ಮಾಡುತ್ತಾರೆ. ಬಾಮೈದ ಸಲಿಕೆ ಇಸಿದುಕೊಂಡು ಎರಡು ಸಾಲು ನೀರು ಕಟ್ಟಿದ. ನಾನು ಟಾರ್ಚ್ ಹಿಡಿದೆ. ನಮ್ಮ ಆಫೀಸಿನಲ್ಲಿ ರಾತ್ರಿ ಡ್ಯೂಟಿಗೆ ಅಲವೆನ್ಸ್ ಇದೆ ಅನ್ನೋ ಮಾತು ಬಾಯಿಗೆ ಬಂದಿತ್ತು, ಆಡಲಿಲ್ಲ.

ಬೆಳಿಗ್ಗೆ ಟೆಂಟಿನ ಹೊರಗೆಲ್ಲ ಇಬ್ಬನಿ. ಬಟ್ಟೆ ಒದ್ದೆಯಾಗಿದ್ದರಿಂದ ಬಿಸಿಲು ಬರುವವರೆಗೆ ಮಡಚುವ ಹಾಗಿರಲಿಲ್ಲ. ಈ ಕಾಲಕ್ಕೆ ಬರುವವರು ಮೇಲೆ ಹಾಕುವ ಶೀಟ್ ಮರೆಯದೆ ತನ್ನಿ, ಹೊರಡುವ ಟೈಮಿಗೆ ಒಂದು ಗಂಟೆ ಸೇರಿಸಿಕೊಳ್ಳಿ. ಜೂನ್, ಜುಲೈನಲ್ಲಿ ಮಾತ್ರ ಈ ಕಡೆ ಟೆಂಟ್ ಯೋಚನೆಯೇ ಬೇಡ. ಆಷಾಢದ ಗಾಳಿಗೆ ಒಂದೇ ರಾತ್ರಿ ಎಷ್ಟು ಗರಿ ಬೀಳುತ್ತೆ ಅಂತ ಅಲ್ಲಿಯವರೇ ಎಣಿಸಲ್ಲ. ಬಯಲಲ್ಲಿ ಹಾಕಿದರೆ ಟೆಂಟೇ ಹಾರುತ್ತೆ.

ಮಗಳು ಎದ್ದವಳು ತಾನು ಟೆಂಟಿನಲ್ಲಿ ಮಲಗಿರಲಿಲ್ಲ ಅಂತ ಗೊತ್ತಾಗಿ ಐದು ನಿಮಿಷ ಅತ್ತಳು. ಅಜ್ಜಿ ಒಂದು ಕರುವಿನ ಹಗ್ಗ ಕೈಗೆ ಕೊಟ್ಟ ಮೇಲೆ ಟೆಂಟು ಮರೆತುಹೋಯಿತು.

ದುಡ್ಡಿನ ವಿಷಯ ಸ್ವಲ್ಪ ಕಷ್ಟ. ಹೋಂಸ್ಟೇ ಆದರೆ ರೇಟ್ ಬೋರ್ಡ್ ಇರುತ್ತೆ. ಇಲ್ಲಿ ಐನೂರು ತೆಗೆದರೆ ಅಜ್ಜಿ ಮುಖ ತಿರುಗಿಸಿದರು, ಮಗು ಕೈಗೆ ಇಟ್ಟು ಕೊಡಿಸಿದರೆ ವಾಪಸ್ ಮಗು ಜೇಬಿಗೇ ಹಾಕಿದರು. ಕೊನೆಗೆ ಹೆಂಡತಿ ದಾರಿ ಹುಡುಕಿದಳು. 'ನಮಗೆ ಮನೆಗೆ ಕಾಯಿ ಬೇಕು ಅಜ್ಜಿ, ಪೇಟೆ ರೇಟಿಗೇ ಕೊಡಿ' ಅಂದಳು. ಅದು ವ್ಯಾಪಾರ, ಅದಕ್ಕೆ ಅವರ ತಕರಾರಿರಲಿಲ್ಲ. ನಲವತ್ತು ಕಾಯಿ ಎಣಿಸಿ, ಮೇಲೆ ಐದು ಕೊಸರು ಹಾಕಿದರು. ನಮ್ಮ ಅಪಾರ್ಟ್‌ಮೆಂಟಿನ ನಾಲ್ಕು ಮನೆಗೆ ಹಂಚಿದರೂ ಸಂಕ್ರಾಂತಿವರೆಗೆ ಬಂತು.

ಹೊರಡುವಾಗ ಯಜಮಾನರು ಬಾಮೈದನ ಹೆಗಲ ಮೇಲೆ ಕೈ ಇಟ್ಟರು. 'ಇನ್ನೊಂದಪ ಬಂದ್ರೆ ಸೈಟು ಅನ್ಬೇಡ ಕಣಪ್ಪ, ಕಣ ಅನ್ನು.'

ವಾಪಸ್ ಬಿ.ಎಚ್. ರಸ್ತೆಗೆ ಹೋಗದೆ ತುರುವೇಕೆರೆ ಕಡೆ ಹೊರಟೆವು. ಅಲ್ಲಿ ಗಂಗಾಧರೇಶ್ವರನ ಮುಂದಿರುವ ಕಪ್ಪು ಕಲ್ಲಿನ ನಂದಿ ನೋಡಲೇಬೇಕು. ಆ ಮೈಯ ನುಣುಪಿಗೆ ಬೆಳಗಿನ ಬೆಳಕು ಜಾರುತ್ತೆ. ಮಗಳು ಅದಕ್ಕೂ ಒಂದು ಹಗ್ಗ ಬೇಕು ಅಂದಳು. ಅಲ್ಲಿಂದ ಮಾಯಸಂದ್ರ, ಕುಣಿಗಲ್. ರಸ್ತೆಯ ಪ್ರತಿ ಹಂಪಿಗೂ ಡಿಕ್ಕಿಯಲ್ಲಿ ನಲವತ್ತೈದು ಕಾಯಿ ಈ ಕಡೆಯಿಂದ ಆ ಕಡೆಗೆ ಉರುಳುತ್ತಿದ್ದವು. ಒದ್ದೆ ಟೆಂಟು ಹಿಂದಿನ ಸೀಟಿನಲ್ಲಿ ಬಾಮೈದನ ತೊಡೆ ಮೇಲಿತ್ತು.